ದಾಲ್ ಮಿಲ್ಲಿನಾಗ ಪ್ರೊಸೆಸ್ ನೋಡ್ಕೊಳ್ಳೋ ಮ್ಯಾನೇಜರ್‌ಗೆ ಏನ್ ಬರ್ಬೇಕು

ನಮ್ ಕಲಬುರಗಿ ಕಡಿ ದಾಲ್ ಮಿಲ್ಲಿಗೆ ಹೊಸದಾಗಿ ಮ್ಯಾನೇಜರ್ ಆಗಿ ಬಂದೋರಿಗೆ ನಾ ಮೊದ್ಲು ಹೇಳೋದು ಇದೇ ನೋಡ್ರಿ, ಒಂದ್ ವಾರ ಲ್ಯಾಪ್‌ಟಾಪ್ ತೆಗೀಬ್ಯಾಡ್ರಿ, ಒಂದ್ ಲೋಡ್ ತೊಗರಿ ಗೇಟಿಗೆ ಬಂದಾಗಿಂದ ಬ್ಯಾಳಿ ಚೀಲ ಹೊಲಿಯೋ ತನಕ ಅದರ ಹಿಂದೇ ತಿರಗ್ರಿ. ತೂಕ, ಸ್ಯಾಂಪಲ್, ಕ್ಲೀನಿಂಗ್, ರೋಲರ್ (ತೊಗರಿ ಉಜ್ಜಿ ಹೊಟ್ಟು ಬಿಡಿಸೋ ಮಷೀನು), ಎಣ್ಣಿ ಹಚ್ಚೋದು, ಒಣಗ್ಸೋದು, ಒಡಿಯೋದು, ಪ್ಯಾಕಿಂಗ್, ಎಲ್ಲಾ. ನೋಟ್‌ಬುಕ್ಕಿನಾಗ ಎರಡೇ ಕಾಲಂ ಹಾಕ್ರಿ, ಕೆಲಸ ನಡೆದ ಟೈಮು, ಮಾಲು ಸುಮ್ನ ಬಿದ್ದಿದ್ದ ಟೈಮು. ಎರಡನೇ ಕಾಲಂ ನೋಡೋ ಕಣ್ಣಿದ್ದೋರೇ ಛಲೋ ಮ್ಯಾನೇಜರ್.

ಲೆಕ್ಕ ಒಂದ್ ಕಲೀರಿ. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ ಅನ್ನೋರು 1961ರಾಗ ಸಾಬೀತು ಮಾಡಿದ್ದು, ಒಳಗ ನಿಂತ ಮಾಲು ಅಂದ್ರ ತಾಸಿಗೆ ಹೋಗೋ ಮಾಲು ಗುಣಿಸು ಒಳಗ ಇರೋ ತಾಸು. ಸರಾಸರಿ 12 ಲಾರಿ ನಿಂತಿರ್ತಾವ, ತಾಸಿಗೆ 3 ಖಾಲಿ ಆಗ್ತಾವ ಅಂದ್ರ ಒಂದೊಂದ್ ಲಾರಿಗಿ 4 ತಾಸು.

ನಾ ಮೊದಲ್ ಕೆಲಸ ಮಾಡಿದ ಮಿಲ್ಲಿನಾಗ ಲಾರಿ ನಿಂತ್ರ ಹಮಾಲರು ಕಮ್ಮಿ ಅದಾರ ಅಂತ ಮಂದಿ ಹೆಚ್ಚಿಗಿ ಹಚ್ಚಿದೆ, ಏನೂ ಫರಕ್ ಆಗ್ಲಿಲ್ಲ. ಕಡೀಗಿ ಒಬ್ಬ ಹಮಾಲ ಕಾಕಾಗ ಕೇಳ್ದೆ, "ತೂಕದ ಚೀಟಿ ಸಹಿ ಆಗಿ ಬರ್ಲಾರ್ದ ಚೀಲ ಹ್ಯಾಂಗ ಇಳಸ್ಬೇಕ್ರಿ ಸಾಹೇಬ್ರ" ಅಂದ್ರು, ಸಹಿ ಮಾಡೋರು ಒಬ್ರೇ, ಅವ್ರು ಊಟಕ್ಕ ಹೋದ್ರ ಎಲ್ಲಾ ಬಂದ್. ಎರಡನೇವ್ರಿಗೂ ಸಹಿ ಅಧಿಕಾರ ಕೊಡ್ಸಿದ್ವಿ, ಅಷ್ಟಕ್ಕೇ ಸಾಲು ಕರಗ್ತು. ಅದಕ್ಕ ಹೇಳೋದು, "ಯಾರ್ ಮಾಡಿದ್ರು" ಅಂತ ಕೇಳಿದ್ರ ಮಂದಿ ಮುಚ್ಚಿಡ್ತಾರ, "ಯಾಕ ಹಿಂಗಾತು" ಅಂತ ಕೇಳ್ರಿ, ಟೊಯೊಟಾದಾಗ ಐದ್ ಸಲ ಯಾಕ ಯಾಕ ಅಂತ ಕೇಳೋ ಪದ್ಧತಿ ಅದೇ. ಉರ್ದು ಮಾತಾಡೋರಿಗಿ ಉರ್ದುದಾಗೇ ಕೇಳ್ರಿ, ಅವಾಗ ಬಿಚ್ಚಿ ಹೇಳ್ತಾರ.

ಅಳತಿ ವಿಷಯದಾಗ ಭಾಳ ಹುಷಾರ್ ಇರ್ಬೇಕ್ರಿ. ದಿನಕ್ಕ ಎಷ್ಟು ಕ್ವಿಂಟಲ್ ಅಂತ ಅಷ್ಟೇ ಕೇಳಿದ್ರ ಹಸಿ ಇರೋ ತೊಗರೀನೇ ರೋಲರಿಗಿ ಹಾಕ್ತಾರ, ಹೊಟ್ಟು ಬಿಡಲ್ಲ, ಮತ್ತ ಮತ್ತ ತಿರಗಿಸ್ತಾರ, ನುಚ್ಚು ಜಾಸ್ತಿ ಆಗಿ ರೊಕ್ಕ ಹೋಗ್ತದ. ಇಡೀ ಬ್ಯಾಳಿ ಎಷ್ಟು, ನುಚ್ಚು ಎಷ್ಟು ಅನ್ನೋದೂ ಕ್ವಿಂಟಲ್ ಲೆಕ್ಕದ ಜೋಡಿ ಒಂದೇ ಬೋರ್ಡಿಗಿ ಬರೀರಿ.

ಕೆಲಸ ಹ್ಯಾಂಗ ಸಾಗ್ತದ ಅನ್ನೋ ಚಿತ್ರ ಸಾಫ್ಟ್‌ವೇರಿನಾಗ ಬರಿಯೋದು ಆಮ್ಯಾಲಿಂದು, ಮೊದ್ಲು ಅದನ್ನ ಗ್ವಾಡಿ ಮ್ಯಾಲ ಸೀಮೆಸುಣ್ಣದಾಗ ಬರೀರಿ, ಕೆಲಸದೋರೇ ತಪ್ಪು ತಿದ್ದಲಿ. ಬದಲಾವಣಿ ಒಂದೊಂದೇ ಮಾಡ್ರಿ, ಅದೂ ಹೊಸ ತೊಗರಿ ಗಂಜ್ ಮಾರ್ಕೆಟಿಗಿ ಬರೋಕಿಂತ ಮೊದ್ಲೇ, ಸೀಸನ್ ನಡಬರ್ಕ ಕೈ ಹಾಕ್ಬ್ಯಾಡ್ರಿ. ಮಾಡಿದ್ ಮ್ಯಾಲ ಒಂದ್ ವಾರ ಬಿಟ್ಟು ಅದೇ ನೋಟ್‌ಬುಕ್ ಹಿಡ್ಕೊಂಡು ಮತ್ತ ಗೇಟಿಗೆ ಹೋಗಿ ನಿಲ್ರಿ.