ಮಗಳ ಸ್ಕೋಲಿಯೋಸಿಸ್: ಬ್ರೇಸ್ ಕೆಲಸ ಮಾಡಿತು, ಗಂಟೆ ಲೆಕ್ಕ ಇಟ್ಟಿದ್ದಕ್ಕೆ

ಮಗಳಿಗೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ. ಅದಕ್ಕೆಂದು ಮೈಗೆ ಬಿಗಿಯಾಗಿ ತೊಡಿಸುತ್ತಿದ್ದ ಗಟ್ಟಿ ಕವಚ, ಬ್ರೇಸ್, ಬಿಡಿಸಿ ವರ್ಷದ ಮೇಲಾಯಿತು. ಈಚಿನ ಎಕ್ಸ್‌ರೇಯಲ್ಲಿ ಬಾಗು ಎಷ್ಟೆಂದು ಹೇಳುವ ಕಾಬ್ ಕೋನ 29 ಡಿಗ್ರಿಯ ಆಸುಪಾಸು. ಶುರುವಿನಲ್ಲಿ 28 ಇತ್ತು, ನಡುವೆ 34ಕ್ಕೆ ಏರಿತ್ತು. "ಬ್ರೇಸ್ ಎಲ್ಲಾ ದುಡ್ಡು ದಂಡ, 45 ದಾಟಲಿ, ಆಪರೇಷನ್ ಮಾಡೋಣ" ಎಂದಿದ್ದ ಡಾಕ್ಟರೇ ಎರಡೂ ಫಿಲ್ಮ್ ಪಕ್ಕಪಕ್ಕ ಹಿಡಿದು ನೋಡಿ, ಬ್ರೇಸ್ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಆ ಮಾತು ಕೇಳಿ ನನಗೆ ಹೆಮ್ಮೆಯೇ ಆಯಿತು.

ರಿಸ್ಸರ್ ಅಂದರೆ ಸೊಂಟದ ಮೂಳೆ ನೋಡಿ ಬೆಳವಣಿಗೆ ಎಷ್ಟು ಬಾಕಿ ಇದೆ ಎಂದು ಹೇಳುವ ಅಂಕಿ, ಸೊನ್ನೆಯಿಂದ ಐದರವರೆಗೆ; ಸೊನ್ನೆ ಅಂದರೆ ಇನ್ನೂ ಬಹಳ ಬಾಕಿ. ಆಗ ಅವಳಿಗೆ 11 ವರ್ಷ, ರಿಸ್ಸರ್ ಸೊನ್ನೆ, ಇನ್ನೂ ದೊಡ್ಡವಳಾಗಿರಲಿಲ್ಲ. ಮೊದಲನೇ ಬ್ರೇಸ್ ನಮ್ಮ ದಾವಣಗೆರೆಯಲ್ಲೇ ಮಾಡಿಸಿದೆವು, ಸುಮಾರು 18 ಸಾವಿರ. ಟೇಪಿನಲ್ಲಿ ಅಳತೆ ತೆಗೆದು ಕೊಟ್ಟರು. ಒತ್ತುವ ಪ್ಯಾಡ್ ಬಾಗಿದ ಜಾಗಕ್ಕಿಂತ ಎರಡು ಬೆರಳು ಮೇಲಿತ್ತು. ಬ್ರೇಸ್ ತೊಡಿಸಿಯೇ ಎಕ್ಸ್‌ರೇ ತೆಗೆಸಿ ಎಂದು ಹಟ ಹಿಡಿದರೆ, ಬೇಕಾಗಿಲ್ಲ ಅಂದರು. ಬೇರೆ ಕಡೆ ತೆಗೆಸಿದಾಗ 26 ಬಂತು. ತೊಟ್ಟರೂ ಒಂದೇ, ಬಿಟ್ಟರೂ ಒಂದೇ! ಅದನ್ನು ಸರಿಪಡಿಸಿಕೊಳ್ಳಲು ಅಲೆಯುವಷ್ಟರಲ್ಲಿ ಅರ್ಧ ವರ್ಷ ಕಳೆದು 34 ಆಯಿತು.

ಎರಡನೆಯದು ಬೆಂಗಳೂರಿನಲ್ಲಿ, ಮೈ ಸ್ಕ್ಯಾನ್ ಮಾಡಿ ತಯಾರಿಸಿದ ಶೆನೋ (Chêneau) ಮಾದರಿ, ಬಾಗಿದ ಕಡೆ ಒತ್ತಿ ಎದುರು ಕಡೆ ಜಾಗ ಬಿಡುವಂಥದ್ದು. 45 ಸಾವಿರದ ಹತ್ತಿರ. ತೊಟ್ಟಾಗ 16ಕ್ಕೆ ಇಳಿಯಿತು. ನೀವು ಬ್ರೇಸ್ ಮಾಡಿಸುವಾಗ ಕೊನೇ ಕಂತನ್ನು ಹೀಗೆ ಬ್ರೇಸ್ ತೊಡಿಸಿ ತೆಗೆದ ಎಕ್ಸ್‌ರೇ ಬರುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.

ಇನ್ನು ಗಂಟೆಗಳ ವಿಷಯ. ಬ್ರೇಸಿನಿಂದ ಉಪಯೋಗ ಇದೆಯೇ ಎಂದು ಪರೀಕ್ಷಿಸಿ 2013ರಲ್ಲಿ ಬಂದ ಬ್ರೇಸ್ಟ್ (BrAIST) ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 13 ಗಂಟೆ ಮೇಲೆ ತೊಟ್ಟ ಮಕ್ಕಳಲ್ಲಿ ನೂರಕ್ಕೆ 90ರಿಂದ 93 ಮಂದಿ, ಬ್ರೇಸ್ ಸೋತಿತು ಎಂದು ಅವರು ಲೆಕ್ಕ ಹಿಡಿದ 50 ಡಿಗ್ರಿ ಮುಟ್ಟಲಿಲ್ಲ. ಅಲ್ಲಿ ಬ್ರೇಸಿನೊಳಗೆ ತಾಪಮಾನದ ಸೆನ್ಸರ್ ಇಟ್ಟು ಗಂಟೆ ಅಳೆದಿದ್ದರು. ನಾನು ಔಷಧಿ ಹೋಲ್‌ಸೇಲ್‌ನಲ್ಲಿರುವವನು, ಇನ್ಸುಲಿನ್ ಪೆಟ್ಟಿಗೆಯ ಜೊತೆ ಬರುವ, ತಾಪಮಾನ ಬರೆದಿಡುವ ಲಾಗರ್ ನನಗೆ ಹೊಸದಲ್ಲ. ಮಗಳಿಗೆ ಹೇಳಿಯೇ ಫೋಮಿನ ಹಿಂದೆ ಒಂದು ಸಣ್ಣ ಲಾಗರ್ ಕೂರಿಸಿದೆ. ಡಿಸೆಂಬರಿನಲ್ಲಿ ತಾಪಮಾನದ ಗೆರೆ ಸ್ಪಷ್ಟ: ತೊಟ್ಟಾಗ 34, ಬಿಚ್ಚಿದಾಗ 24. ಏಪ್ರಿಲ್ ಬಂತು ನೋಡಿ, ಮಧ್ಯಾಹ್ನ ರೂಮೇ 36-37! ತೊಟ್ಟಿದ್ದಾಳೋ ಇಲ್ಲವೋ ಗೊತ್ತಾಗದು. ಬಿಚ್ಚಿದ ತಕ್ಷಣ ಬ್ರೇಸನ್ನು ಹಿತ್ತಿಲ ಕೋಣೆಯ ರೆಡ್ ಆಕ್ಸೈಡ್ ನೆಲದ ಮೇಲೆ, ಒದ್ದೆ ಟವೆಲ್ ಪಕ್ಕದಲ್ಲಿ ಇಡುವ ರೂಢಿ ಮಾಡಿದೆವು. ಬ್ರೇಸ್ ತಂಪಾಗಿ ಗೆರೆ ಮತ್ತೆ ಬೇರೆಯಾಯಿತು. ದಿನಕ್ಕೆ 20 ಗಂಟೆ ತೊಡಿಸಲು ಹೇಳಿದ್ದರು, ನಮಗೆ ದಕ್ಕಿದ್ದು 16-17. ಪ್ರತಿ ಭಾನುವಾರ ಗ್ರಾಫನ್ನು ಅವಳೇ ತೆಗೆದು ನೋಡುತ್ತಿದ್ದಳು. ನಾನು ಬಾಯಲ್ಲಿ ಹೇಳಿ ಸುಸ್ತಾಗಿದ್ದನ್ನು ಆ ಗೆರೆ ಮಾಡಿತು. ಅವಳೂ ನಾನೂ ಮಾಡಿಕೊಂಡ ಒಪ್ಪಂದ ಇನ್ನೊಂದಿದೆ, ಅದು ನಮ್ಮಿಬ್ಬರ ನಡುವೆಯೇ ಇರಲಿ.

ಬೇಸಿಗೆಯಲ್ಲಿ ಪೌಡರ್ ಹಾಕಬೇಡಿ, ಬೆವರಿಗೆ ಹಿಟ್ಟು ಕಲಸಿದಂತಾಗಿ ಚರ್ಮ ಕಿತ್ತುಬರುತ್ತದೆ. ಬ್ರೇಸಿನೊಳಗೆ ಉದ್ದನೆ ಬನಿಯನ್ ಅನ್ನು ಹೊಲಿಗೆ ಹೊರಗೆ ಬರುವಂತೆ ತಿರುವಿ ತೊಡಿಸಿ, ದಿನಕ್ಕೆ ಮೂರು. ಬಿಚ್ಚಿದ ಅರ್ಧ ಗಂಟೆಯಲ್ಲಿ ಕೆಂಪು ಇಳಿದರೆ ಚಿಂತೆಯಿಲ್ಲ, ಇಳಿಯದಿದ್ದರೆ ಬ್ರೇಸ್ ಮಾಡಿದವರ ಬಳಿ ಓಡಿ. ಪಟ್ಟಿ ಎಷ್ಟು ಬಿಗಿ ಎಂಬುದಕ್ಕೆ ನಾನು ಮಾಡಿಕೊಂಡ ಗುರುತು ನಮ್ಮ ಬ್ರೇಸಿಗಷ್ಟೇ ಹೊಂದುವುದು, ಅದನ್ನು ಬರೆಯುವುದಿಲ್ಲ. ಊಟ ಸ್ವಲ್ಪಸ್ವಲ್ಪ, ಬೆಣ್ಣೆ ದೋಸೆಯಂತೂ ಬ್ರೇಸ್ ಬಿಚ್ಚಿದ ಹೊತ್ತಿಗೇ.

ಬಾಗಿಗೆ ತಕ್ಕಂತೆ ಉಸಿರಾಟದ ಜೊತೆ ಮಾಡುವ ಶ್ರಾತ್ (Schroth) ವ್ಯಾಯಾಮವನ್ನೂ ಮಾಡಿಸಿದೆವು, ವಾರಕ್ಕೊಮ್ಮೆ ವಿಡಿಯೋದಲ್ಲಿ. ಕೋನಕ್ಕೆ ಅದರ ಪಾಲು ಎಷ್ಟೋ, ಉಸಿರಾಟಕ್ಕಂತೂ ಒಳ್ಳೆಯದಾಯಿತು. ನಮ್ಮಣ್ಣ ಕರೆದೊಯ್ದ ಮಾಲೀಸಿನವರು 12 ಸಾವಿರ ತೆಗೆದುಕೊಂಡು "ನೆಟ್ಟಗಾಯ್ತು" ಎಂದರು. ಎಕ್ಸ್‌ರೇಯಲ್ಲಿ ಒಂದು ಡಿಗ್ರಿಯೂ ಕದಲಿರಲಿಲ್ಲ.

ಅವಳು ಉದ್ದವಾದಂತೆ ಮೂರನೇ ಬ್ರೇಸ್ ಬೇಕಾಯಿತು, ಇನ್ನೊಂದು 40 ಸಾವಿರ. ರಿಸ್ಸರ್ 4 ಬಂದ ಮೇಲೆ ಮೊದಲು ಶಾಲೆಯ ಹೊತ್ತು ಬಿಟ್ಟು, ಆಮೇಲೆ ರಾತ್ರಿಯಷ್ಟೇ ತೊಡಿಸಿ ನಿಲ್ಲಿಸಿದೆವು. ಓಡಾಟ, ಎಕ್ಸ್‌ರೇ ಎಲ್ಲ ಸೇರಿ ಒಂದೂವರೆ ಲಕ್ಷ ಆಗಿರಬಹುದು. ಆಪರೇಷನ್‌ಗೆ ಹೇಳಿದ್ದು ನಾಲ್ಕೂವರೆ ಲಕ್ಷ.

ಎಕ್ಸ್‌ರೇ ಪ್ರತಿ ಸಲ ಒಂದೇ ಸೆಂಟರಿನಲ್ಲಿ ತೆಗೆಸಿ, ಕಿರಣ ಬೆನ್ನಿನ ಕಡೆಯಿಂದ ಬರುವಂತೆ ನಿಲ್ಲಿಸಿ, ಎದೆಗೆ ಬೀಳುವ ವಿಕಿರಣ ಕಡಿಮೆ. 5 ಡಿಗ್ರಿಯೊಳಗಿನ ಏರಿಳಿತ ಅಳೆಯುವುದರಲ್ಲಿನ ವ್ಯತ್ಯಾಸವೇ ಇರಬಹುದು, ಒಂದೇ ಫಿಲ್ಮ್ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.