ಹಿಂದಿನ ಜಗಲಿಗೆ ಬಂದ ವಾಷಿಂಗ್ ಮಷೀನಿನ ಪೈಪಿಗೆ ಗಾಳಿ ಕೊಟ್ಟ ಬಗೆ

ಚಿಕ್ಕಮಗಳೂರಿನ ಹಳೆ ಹೆಂಚಿನ ಮನೆ, ಒಳಗೆಲ್ಲ ಕಾವಿ ನೆಲ. ಬಚ್ಚಲಲ್ಲಿದ್ದ ಮಷೀನನ್ನು ಅಡುಗೆಮನೆ ಹಿಂದಿನ ಜಗಲಿಗೆ ತಂದಿದ್ದಾಯ್ತು. ಕಾವಿ ನೆಲ ಒಡೆದರೆ ಅದೇ ಬಣ್ಣ, ಅದೇ ನುಣುಪು ಮತ್ತೆ ಬರೋದಿಲ್ಲ. ಹಾಗಾಗಿ ಪೈಪೆಲ್ಲ ಹೊರಗೋಡೆ ಮೇಲೆ. ಗಲ್ಲಿ ಟ್ರ್ಯಾಪ್ (ಮನೆ ಹೊರಗೆ ನೆಲದಲ್ಲಿ ಕೂರಿಸಿದ, ಜಾಲರಿ ಮುಚ್ಚಿದ ನೀರಿನ ಗುಂಡಿ) ಪಕ್ಕದಲ್ಲೇ ಇದ್ದಿದ್ದರೆ ಅದರ ಜಾಲರಿ ಮೇಲೆ ನೀರು ಬೀಳಿಸಿ ಕೆಲಸ ಮುಗಿಸಬಹುದಿತ್ತು. ಅಂಥ ಅನುಕೂಲ ಇರುವವರಿಗೆ ಮುಂದೆ ಬರೆದಿರೋ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲಿಸುವ ಬಾಗು), ವೆಂಟ್ (ಗಾಳಿ ಆಡುವ ಪೈಪು) ಯಾವುದೂ ಬೇಕಾಗಲ್ಲ. ನಮ್ಮಲ್ಲಿ ಹತ್ತಿರ ಸಿಕ್ಕಿದ್ದು ಸಿಂಕಿನ 75 ಎಂಎಂ ಪೈಪು. ಅದು ನೇರ ಚೇಂಬರಿಗೆ, ಅಂದರೆ ಕೊಳಚೆ ನೀರು ಸೇರುವ ಗುಂಡಿಗೆ ಹೋಗುತ್ತೆ.

ಮೊದಲು ಮಾಡಿದ್ದು ತಪ್ಪು ಕೆಲಸ: ಜಗಲಿಯಿಂದ 32 ಎಂಎಂ ಪೈಪು 3.2 ಮೀಟರ್ ಎಳೆದು, ಸಿಂಕಿನ ಪೈಪಿಗೆ ಟೀ (T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಿದ್ದೆ. ಮೂರು ತೊಂದರೆ ಒಟ್ಟಿಗೇ ಬಂದವು. ಮಷೀನ್ ನೀರು ಹೊರಹಾಕುವಾಗ, ಹೋಸ್ ಇಳಿಬಿಡಲು ನಿಲ್ಲಿಸಿದ್ದ ಪೈಪಿನ ಬಾಯಿಂದ ನೀರು ಉಕ್ಕಿತು, ಸಿಂಕಲ್ಲಿ ಗುಳುಗುಳು ಸದ್ದು ಬಂತು, ರಾತ್ರಿ ಹೊತ್ತಿಗೆ ಅಡುಗೆಮನೆಯಲ್ಲಿ ಚೇಂಬರಿನ ವಾಸನೆ.

ಪೈಪೆಲ್ಲೋ ಕಟ್ಟಿಕೊಂಡಿದೆ ಅಂತ ಎಲ್ಲರೂ ಅಂದುಕೊಳ್ಳೋದು ಇಲ್ಲೇ. ಒಳಗೆ ಏನೂ ಕಟ್ಟಿರಲಿಲ್ಲ. ಮಷೀನಿನ ಹೋಸನ್ನು 20 ಲೀಟರ್ ಬಕೆಟ್ಟಿಗೆ ಹಿಡಿದು ನೋಡಿದೆ, 70 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ ಸುಮಾರು 17 ಲೀಟರ್. ಅಷ್ಟು ನೀರಿಗೆ 32 ಎಂಎಂ ಪೈಪು ಬಾಯಿತುಂಬ ಆಗಿಬಿಡುತ್ತೆ, ಗಾಳಿಗೆ ಜಾಗವೇ ಉಳಿಯಲ್ಲ. ತುಂಬಿ ಹೋಗುವ ನೀರು ಸಿರಿಂಜಿನ ದಂಡದ ಥರ: ಮುಂದಿನ ಗಾಳಿಯನ್ನು ತಳ್ಳುತ್ತೆ, ಹಿಂದಿನದನ್ನು ಎಳೆಯುತ್ತೆ. ತಳ್ಳಿದ ಗಾಳಿ ಸಿಂಕಿನ ಕಡೆಯಿಂದ ಗುಳುಗುಟ್ಟಿಕೊಂಡು ಬಂತು. ಎಳೆತಕ್ಕೆ ಸಿಂಕಿನ ಬಾಟಲ್ ಟ್ರ್ಯಾಪಿನಲ್ಲಿ ನಿಂತಿರಬೇಕಾದ ನೀರು ಇಳಿದುಹೋಯ್ತು. ಆ ನೀರೇ ವಾಸನೆಗೆ ಬಾಗಿಲು. ಅದು ಹೋದ ಮೇಲೆ ಫಿನಾಯಿಲ್ ಎಷ್ಟು ಸುರಿದರೂ ಪ್ರಯೋಜನ ಇಲ್ಲ.

ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಹೋಸ್ ಇಳಿಬಿಡುವ ನಿಲುವು ಪೈಪು 50 ಎಂಎಂ, ಅದರ ಬಾಯಿ ಜಗಲಿ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ. ಫ್ರಂಟ್ ಲೋಡ್ ಮಷೀನುಗಳಿಗೆ ಸಾಮಾನ್ಯವಾಗಿ 60ರಿಂದ 100 ಸೆಂಟಿಮೀಟರ್ ಹೇಳಿರುತ್ತಾರೆ, ನಿಮ್ಮ ಮಷೀನಿನ ಪುಸ್ತಕ ಒಮ್ಮೆ ನೋಡಿ. ಬಾಯಿ ತೀರಾ ಕೆಳಗಿದ್ದರೆ ಡ್ರಮ್ಮಿಗೆ ತುಂಬುತ್ತಿರುವ ನೀರು ತಾನಾಗಿಯೇ ಹರಿದುಹೋಗುತ್ತೆ, ಮಷೀನ್ ತುಂಬುತ್ತಲೇ ಇರುತ್ತೆ. ಹೋಸ್ ಒಳಗೆ ಹೋಗಬೇಕಾದ್ದು ಒಂದು ಗೇಣಿಗಿಂತ ಕಡಿಮೆ. ಸುತ್ತಲಿನ ಸಂದಿಗೆ ಬಟ್ಟೆ ತುರುಕೋದು, ಎಂ-ಸೀಲ್ ಮೆತ್ತೋದು ದಯವಿಟ್ಟು ಬೇಡ. ಆ ಸಂದಿಯಲ್ಲೇ ಗಾಳಿ ಆಡಬೇಕು.

ನಿಲುವಿನ ಬುಡದಲ್ಲಿ 50 ಎಂಎಂನ ಮೂರು ಬೆಂಡು ಸೇರಿಸಿ ಪಿ ಟ್ರ್ಯಾಪ್ ಮಾಡಿದೆ. ಎರಡನೇ ಮತ್ತು ಮೂರನೇ ಬೆಂಡಿನ ನಡುವೆ ಹಾಕುವ ತುಂಡು ಪೈಪಿನ ಉದ್ದದ ಮೇಲೆ ಒಳಗೆ ನಿಲ್ಲುವ ನೀರಿನ ಆಳ ನಿಂತಿದೆ. 50 ಎಂಎಂ ಆದರೂ ಬೇಕು, ನಾನು 60 ಇಟ್ಟೆ. ತುಂಬಾ ಆಳ ಮಾಡಿದರೆ ಕೆಸರು ಕೂರುತ್ತೆ.

ವೆಂಟ್ ಪೈಪಿನ ಟೀ ಟ್ರ್ಯಾಪಿನಿಂದ 30 ಸೆಂಟಿಮೀಟರ್ ಮುಂದೆ. ಟ್ರ್ಯಾಪಿನ ನೆತ್ತಿಗೇ ಅಂಟಿಸಿದಂತೆ ಹಾಕಿದರೆ ನೊರೆ, ನೂಲು ಅದರೊಳಕ್ಕೆ ಚಿಮ್ಮಿ ಕಟ್ಟಿಕೊಳ್ಳುತ್ತೆ. ಪೈಪಿನ ಅಗಲದ ಎರಡರಷ್ಟಾದರೂ ದೂರ ಬಿಡಬೇಕು. ದೂರಕ್ಕೂ ಮಿತಿ ಇದೆ. ಟ್ರ್ಯಾಪಿನಿಂದ ವೆಂಟ್ ತನಕದ ಒಟ್ಟು ಇಳಿಜಾರು ಪೈಪಿನ ಅಗಲವನ್ನು ಮೀರಬಾರದು. 50 ಎಂಎಂ ಪೈಪು, ಮೀಟರಿಗೆ 20 ಎಂಎಂ ಇಳಿಜಾರು ಅಂದರೆ ಎರಡೂವರೆ ಮೀಟರಿನೊಳಗೆ ವೆಂಟ್ ಬರಲೇಬೇಕು. ಇಳಿಜಾರು ಹೆಚ್ಚಿದ್ದಷ್ಟೂ ಒಳ್ಳೇದು ಅನ್ನೋ ಗಾರೆ ಕೆಲಸದವರ ಮಾತನ್ನು ಇಲ್ಲಿ ಕೇಳಬೇಡಿ, ಅದರಿಂದ ಟ್ರ್ಯಾಪಿನ ನೀರು ಉಳಿಯಲ್ಲ.

ವೆಂಟ್ ಕೂಡ 50 ಎಂಎಂ. ಗೋಡೆಗುಂಟ ನೆಟ್ಟಗೆ ಮೇಲಕ್ಕೆ ಹೋಗುತ್ತೆ. ಅಡ್ಡ ತಿರುಗಿಸಲೇಬೇಕಾದರೆ ನಿಲುವು ಪೈಪಿನ ಬಾಯಿಗಿಂತ 15 ಸೆಂಟಿಮೀಟರ್ ಮೇಲೆ ಬಂದ ನಂತರ ತಿರುಗಿಸಿ, ಇಲ್ಲದಿದ್ದರೆ ನೀರು ಕಟ್ಟಿದ ದಿನ ಗಾಳಿ ಪೈಪಿಗೂ ಕೊಳಕು ನುಗ್ಗುತ್ತೆ. ಹೆಂಚು ಕೊರೆದು ಪೈಪು ಹಾಯಿಸೋದನ್ನು ನಾನು ಒಪ್ಪಲ್ಲ. ನಮ್ಮ ಮಳೆಗಾಲಕ್ಕೆ ಅಲ್ಲಿ ಸೋರೋದು ಖಂಡಿತ. 45 ಡಿಗ್ರಿಯ ಎರಡು ಬೆಂಡು ಕೊಟ್ಟು ಸೂರಿನ ಹೊರಗಿಂದ ಹತ್ತಿಸಿ, ಸೂರಿಗಿಂತ ಎರಡು ಅಡಿ ಮೇಲೆ ನಿಲ್ಲಿಸಿ, ತಲೆಗೆ ಕೌಲ್ (ಜಾಲರಿ ಟೋಪಿ) ಹಾಕಿದೆ. ಕೌಲ್ ಇಲ್ಲದಿದ್ದರೆ ಕಡಜ ಗೂಡು ಕಟ್ಟುತ್ತೆ. ಕಿಟಕಿ ಹತ್ತಿರ ಬಾರದಂತೆ ನೋಡಿಕೊಳ್ಳಿ.

ವೆಂಟ್ ದಾಟಿದ ಕೂಡಲೇ ರೆಡ್ಯೂಸರ್ ಹಾಕಿ ಪೈಪನ್ನು 75 ಎಂಎಂ ಮಾಡಿದೆ. ಉಳಿದ ದೂರಕ್ಕೆ ಮೀಟರಿಗೆ 20 ಎಂಎಂ ಇಳಿಜಾರು, ಒಂದೊಂದು ಮೀಟರಿಗೆ ಕ್ಲಾಂಪ್. ಸಿಂಕಿನ ಪೈಪಿಗೆ ಸೇರುವಲ್ಲಿ ಟೀ ತೆಗೆದು ವೈ (Y ಆಕಾರದ, ಓರೆ ಕವಲಿನ ಜೋಡಣೆ) ಹಾಕಿದೆ. ಟೀಯಲ್ಲಿ ನೀರು ಎದುರು ಗೋಡೆಗೆ ಬಡಿದು ಎರಡೂ ಕಡೆ ಹೋಗುತ್ತೆ, ವೈ ಅದನ್ನು ಚೇಂಬರಿನ ಕಡೆಗೇ ತಿರುಗಿಸುತ್ತೆ. ವೈಗಿಂತ ಮೊದಲು 75 ಎಂಎಂನ ಡೋರ್ ಬೆಂಡ್ (ಬಿಚ್ಚಿ ತೊಳೆಯಲು ಮುಚ್ಚಳ ಇರುವ ಬೆಂಡು) ಒಂದು ಇರಲಿ. ಸಾಮಾನಿನ ಲೆಕ್ಕ: 50 ಎಂಎಂ ಹತ್ತಡಿ ಪೈಪು ಎರಡು, 75 ಎಂಎಂ ಹತ್ತಡಿಯದು ಒಂದು, ಮೇಲೆ ಹೇಳಿದ ಬೆಂಡು, ಟೀ, ವೈ, ರೆಡ್ಯೂಸರ್, ಕೌಲ್, ಹತ್ತು ಕ್ಲಾಂಪ್, ಸಣ್ಣ ಡಬ್ಬಿ ಸಾಲ್ವೆಂಟ್ (ಪೈಪಿನ ಅಂಟು). ಟ್ರ್ಯಾಪಿನ ಬೆಂಡುಗಳನ್ನು ಅಂಟಿಸುವ ಮುಂಚೆ ಒಣದಾಗಿ ಜೋಡಿಸಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಸಾಲ್ವೆಂಟ್ ತಾಗಿದ ಮೇಲೆ ತಿರುಗಿಸಲು ಪುರುಸೊತ್ತು ಸಿಗಲ್ಲ.

ಪರೀಕ್ಷೆಗೆ ಮಷೀನ್ ನೀರು ಬಿಡುವಾಗಲೇ ಸಿಂಕಿಗೂ ಒಂದು ಬಕೆಟ್ ಸುರಿದೆ. ಆಮೇಲೆ ನಿಲುವು ಪೈಪಿಗೆ ತೆಳು ಕಡ್ಡಿ ಇಳಿಸಿ ಟ್ರ್ಯಾಪಿನ ನೀರು ಅಳೆದೆ. ಕನಿಷ್ಠ 25 ಎಂಎಂ ಉಳಿದಿರಬೇಕು, ನಮ್ಮಲ್ಲಿ 50ಕ್ಕಿಂತ ಇಳಿದಿಲ್ಲ.

ತೋಟದ ಬಟ್ಟೆಯ ಕೆಂಪು ಮಣ್ಣು ಈ ಊರಿನ ದೊಡ್ಡ ತಲೆನೋವು. ಪ್ಯಾಂಟನ್ನು ಒಗೆಯೋ ಕಲ್ಲಿನ ಮೇಲೆ ಒಮ್ಮೆ ಜಾಲಿಸಿ ಮಷೀನಿಗೆ ಹಾಕಿ. ಡಿಸೆಂಬರ್, ಜನವರಿಯ ತಣ್ಣೀರಿಗೆ ಪೌಡರ್ ಹೆಚ್ಚಾದರೆ ಪೂರ್ತಿ ಕರಗದೆ ನೂಲಿನ ಜೊತೆ ಗಟ್ಟಿ ಕಟ್ಟುತ್ತೆ. ಮೂರು ತಿಂಗಳಿಗೊಮ್ಮೆ ಡೋರ್ ಬೆಂಡ್ ಬಿಚ್ಚಿ ತೊಳೆಯುತ್ತೇನೆ. ಮಳೆಗಾಲ ಹತ್ತಿರ ಬಂದಾಗ ಒಂದು ಸಲ ಹೆಚ್ಚಿಗೆ. ಸೂರಿನ ಮಳೆನೀರಿನ ದೋಣಿಯನ್ನು ಮಾತ್ರ ಈ ಪೈಪಿಗೆ ಸೇರಿಸಿಲ್ಲ, ಅದು ಅಂಗಳದ ಚರಂಡಿಗೇ ಹೋಗುತ್ತೆ.