ಹಳೇ ಕಾರು ಮಾರುವ ಮೊದಲು ಪಾಲಿಶ್ ಡಬ್ಬಿ ಎತ್ತಿಡಿ

ಶೆಡ್ಡಿನಲ್ಲಿ ಹಳೇ ಕಾರಿದೆ. ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣವೇ ಇನ್ನೂ ಇದೆ, ಸೀಟಿನ ಬಟ್ಟೆಯೂ ಅದೇ, ರೀಸ್ಟೋರ್ ಮಾಡ್ತೀನಿ, ಅಂದರೆ ಹೊಸದರ ಹಾಗೆ ಮಾಡ್ತೀನಿ ಅಂತ ಯಾರೂ ಕೈ ಹಾಕಿಲ್ಲ. ಇಂಥ ಗಾಡಿ ಮಾರಬೇಕು ಅಂದ ಕೂಡಲೇ ಜನ ಮಾಡುವ ಮೊದಲ ಕೆಲಸ ಪೇಂಟರ್‌ಗೆ ಫೋನ್ ಮಾಡುವುದು. ಅದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಮಾಮೂಲಿ ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸ ಬಣ್ಣ ಹೊಡೆಸಿದರೆ ರೇಟು ಏರಬಹುದು, ಇಲ್ಲಿ ಲೆಕ್ಕ ಉಲ್ಟಾ. ರೀಸ್ಟೋರ್ ಎಷ್ಟು ಸಲ ಬೇಕಾದರೂ ಮಾಡಬಹುದು, ಫ್ಯಾಕ್ಟರಿ ಬಣ್ಣ ಮಾತ್ರ ಒಮ್ಮೆ ಹೋದರೆ ಹೋಯಿತು. ಅಮೆರಿಕದ ಪೆಬಲ್ ಬೀಚ್ ಹಳೇ ಕಾರುಗಳ ಸ್ಪರ್ಧೆಯಲ್ಲಿ ಮುಟ್ಟದೆ ಉಳಿಸಿಕೊಂಡ ಕಾರುಗಳಿಗೇ 2001ರಿಂದ ಬೇರೆ ವಿಭಾಗವಿದೆ. ಕೊಳ್ಳುವವರು ದುಡ್ಡು ಕೊಡುವುದೇ ನೀವು ಮುಟ್ಟದೆ ಬಿಟ್ಟದ್ದಕ್ಕೆ.

1. ಕಾಗದ ಹುಡುಕಿ. ಮೊದಲ ಬಿಲ್, ಸರ್ವಿಸ್ ಪುಸ್ತಕ, ಹಳೇ ವಿಮೆ, ಕಾರಿನ ಮುಂದೆ ಮನೆಯವರು ನಿಂತ ಫೋಟೋ, ಎಲ್ಲ ಬೇಕು. ಶಾಸಿ ನಂಬರ್, ಇಂಜಿನ್ ನಂಬರ್ ಕಾಗದಕ್ಕೆ ತಾಳೆಯಾಗುತ್ತದಾ ನೋಡಿ. 17 ಅಂಕಿ–ಅಕ್ಷರದ ಶಾಸಿ ನಂಬರ್ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದಿನ ಕಾರಿನಲ್ಲಿ ನಂಬರ್ ಚಿಕ್ಕದಿದ್ದರೆ ಗಾಬರಿ ಬೇಡ. ಕೆಲವು ಕಂಪನಿಗಳ ಹಳೇ ದಾಖಲೆ ಈಗಲೂ ಸಿಗುತ್ತದೆ. ಹಲವು ಬ್ರಿಟಿಷ್ ಕಾರುಗಳಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಸರ್ಟಿಫಿಕೇಟ್ ಕೊಡುತ್ತದೆ. ಯಾವ ಬಣ್ಣದಲ್ಲಿ ಹೊರಬಂತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

2. ಯಾವುದು ಒರಿಜಿನಲ್ ಅಂತ ನೀವೇ ಮೊದಲು ತಿಳಿಯಿರಿ. ಬಣ್ಣದ ದಪ್ಪ ಅಳೆಯುವ ಮೀಟರ್ ಬಾಡಿಗೆಗೋ ಸಾಲಕ್ಕೋ ತನ್ನಿ. ಒಂದೊಂದು ಭಾಗದಲ್ಲೂ ನಾಲ್ಕಾರು ಕಡೆ ಇಟ್ಟು ಬರೆದುಕೊಳ್ಳಿ. ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಇದ್ದು ಒಂದು ಬಾಗಿಲಲ್ಲಿ ಮಾತ್ರ ಎರಡು ಮೂರು ಪಟ್ಟು ಬಂದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿದೆ, ಅಥವಾ ಒಳಗೆ ಪುಟ್ಟಿ ಇದೆ. ಅಲ್ಯುಮಿನಿಯಂ ಬಾಡಿಯಾದರೆ ಬರೀ ಕಬ್ಬಿಣಕ್ಕೆ ಮಾಡಿದ ಅಗ್ಗದ ಮೀಟರ್ ಕೆಲಸಕ್ಕೆ ಬರುವುದಿಲ್ಲ.

3. ತೊಳೆಯುವುದು. ಕೆಡುವುದೆಲ್ಲ ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮೊದಲು ನೀರು ಬೇಡ. ಮೆತ್ತನೆ ಬ್ರಷ್, ವ್ಯಾಕ್ಯೂಮ್ ಹಿಡಿದು ಒಣ ಧೂಳು ತೆಗೆಯಿರಿ, ಇಲ್ಲದಿದ್ದರೆ ಅದೇ ಧೂಳು ಬಟ್ಟೆಗೆ ಅಂಟಿ ಬಣ್ಣದ ಮೇಲೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆಮೇಲೆ ಸೌಮ್ಯ ಕಾರ್ ಶಾಂಪೂ, ಎರಡು ಬಕೆಟ್, ಒಂದು ಸೋಪಿಗೆ ಒಂದು ಬಟ್ಟೆ ಜಾಲಿಸಲಿಕ್ಕೆ. ಪ್ರೆಶರ್ ಪೈಪ್ ಬೇಡವೇ ಬೇಡ. ಒಣಗಿದ ರಬ್ಬರ್ ಬೀಡಿಂಗ್ ಕಿತ್ತು ಬರುತ್ತದೆ, ನೀರು ಬಾಗಿಲೊಳಗೆ ನಿಂತು ತುಕ್ಕು ಶುರುವಾಗುತ್ತದೆ.

ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅಲ್ಲಿಗೆ ನಿಲ್ಲಿಸಿ. ಹಳೇ ಕಾರುಗಳ ಬಣ್ಣದ ಮೇಲೆ ಈಗಿನ ಹಾಗೆ ಬೇರೆ ಪಾರದರ್ಶಕ ಪದರ ಇರುವುದಿಲ್ಲ, ನೀವು ಉಜ್ಜುತ್ತಿರುವುದು ಬಣ್ಣವನ್ನೇ. ಇದರ ಮೇಲೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮಷಿನ್ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾನೆಟ್ಟಿನ ಏಣು, ಬಾಗಿಲ ಅಂಚು, ಅಂಥ ಕಡೆಗಳಲ್ಲೇ ಬಣ್ಣ ಸವೆದು ಮೊದಲು ಅಡಿಯ ಪ್ರೈಮರ್ ಕಾಣುವುದು. ಉಜ್ಜುವ ಅಂಶ ಇಲ್ಲದ ಸಾದಾ ವ್ಯಾಕ್ಸ್ ಸಾಕು, ಅದನ್ನೂ ಕಾಣದ ಮೂಲೆಯಲ್ಲಿ ಹಚ್ಚಿ ನೋಡಿಯೇ ಮುಂದುವರಿಯಿರಿ. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಸ್ಪ್ರೇಗಳಂತೂ ಸುಮ್ನೆ ದಂಡ. ಡ್ಯಾಶ್‌ಬೋರ್ಡ್ ಜಿಡ್ಡಾಗಿ ಮಿನುಗುತ್ತದೆ, ಬಣ್ಣದ ಮೇಲೆ ಬಿದ್ದರೆ ಮುಂದೆ ಅಲ್ಲಿ ಟಚಪ್ ಮಾಡುವಾಗ ಹೊಸ ಬಣ್ಣ ಕೂರದೆ ಗುಳಿ ಗುಳಿಯಾಗುತ್ತದೆ.

ಬಾನೆಟ್ ಒಳಗಂತೂ ಕೈ ಇನ್ನೂ ಹಗುರ ಇರಲಿ. ಫ್ಯಾಕ್ಟರಿಯವರು ಚೆಕ್ ಮಾಡಿ ಹಾಕಿದ ಚಾಕ್ ಗೀಟು, ಬಣ್ಣದ ಚುಕ್ಕೆ, ಅರ್ಧ ಹರಿದ ಕಾಗದದ ಸ್ಟಿಕ್ಕರ್, ಹಳೇ ಹೋಸ್ ಕ್ಲಿಪ್ಪು, ಇವೆಲ್ಲ ಸಾಕ್ಷಿಗಳು. ನಿಮಗೆ ಕೊಳೆ, ಕೊಳ್ಳುವವರಿಗೆ ಬಂಗಾರ. ಎಣ್ಣೆ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿ, ಸಾಕು. ಗಾಡಿ ಕೆಳಗೆ ಕಪ್ಪು ಬಣ್ಣ ಹೊಡೆಸುವುದು ಎಲ್ಲಕ್ಕಿಂತ ದೊಡ್ಡ ದಡ್ಡತನ. ತಿಳಿದವರು ಅದನ್ನು ನೋಡಿದ ತಕ್ಷಣ ತುಕ್ಕು ಮುಚ್ಚಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ? ಸೀಟು ಹರಿದಿದ್ದರೆ ಹರಿದೇ ಇರಲಿ.

4. ಸವೆಯುವ ಭಾಗ ಮಾತ್ರ ಬದಲಿಸಿ. ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ನೇರ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಸಿಲಿಂಡರ್‌ಗೆ ಸ್ವಲ್ಪ ಎಣ್ಣೆ ಬಿಟ್ಟು, ಕೈಯಲ್ಲಿ ತಿರುಗಿಸಿ ನೋಡಿ. ಅಂಟಾದ ಹಳೇ ಪೆಟ್ರೋಲ್ ಖಾಲಿ ಮಾಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವಂಥದ್ದು, ಒಳಗೆ ತುಕ್ಕು ಹಿಡಿದಿರುತ್ತದೆ, ಅದನ್ನು ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿಯೇ ಟೆಸ್ಟ್ ಡ್ರೈವ್ ಮಾತು. ಟೈರ್ ಮೇಲೆ ನಾಲ್ಕು ಅಂಕಿ ಇದ್ದರೆ ವಾರ ಮತ್ತು ವರ್ಷ, 2314 ಅಂದರೆ 2014ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಟೈರಿನ ಗೆರೆಗಳು ಎಷ್ಟೇ ಆಳ ಇದ್ದರೂ ಓಡಿಸಬೇಡಿ. ಬಿಚ್ಚಿದ್ದು ಏನೇ ಆಗಲಿ ಎಸೆಯಬೇಡಿ, ಪೆಟ್ಟಿಗೆಗೆ ಹಾಕಿ ಕಾರಿನ ಜೊತೆ ಕೊಡಿ. ಜಾಕ್, ಟೂಲ್ ಚೀಲ, ಹಳೇ ರೇಡಿಯೋ, ಎರಡನೇ ಕೀ ಕೂಡ.

5. ಫೋಟೋ. ಮೋಡ ಕವಿದ ದಿನ, ಒಣ ಗಾಡಿ. ಒದ್ದೆ ಕಾರು ಹೊಳೆಯುತ್ತದೆ, ದೋಷ ಅಡಗುತ್ತದೆ, ನೋಡುವವರಿಗೆ ಅನುಮಾನ ಬರುತ್ತದೆ. ಬಾಗಿಲ ತಳ, ಡಿಕ್ಕಿಯ ಕಾರ್ಪೆಟ್ ಎತ್ತಿದ ಜಾಗ, ಚಕ್ರದ ಒಳಬದಿ, ಗಾಡಿಯ ಕೆಳಗೆ, ಒಂದನ್ನೂ ಬಿಡಬೇಡಿ. ಪ್ರತಿ ತುಕ್ಕಿಗೂ ದೂರದ್ದೊಂದು ಹತ್ತಿರದ್ದೊಂದು ಇರಲಿ.

6. ಜಾಹೀರಾತು, ರೇಟು. "ನೂರಕ್ಕೆ ನೂರು ಒರಿಜಿನಲ್" ಅಂತ ಬರೆಯಬೇಡಿ, ಒಂದು ಬೋಲ್ಟ್ ಬೇರೆ ಸಿಕ್ಕರೂ ನಿಮ್ಮ ಮಾತಿಗೆ ಬೆಲೆ ಇಲ್ಲ. "ಎಡಗಡೆ ಮುಂದಿನ ಮಡ್‌ಗಾರ್ಡ್‌ಗೆ ಮರುಬಣ್ಣ, ಉಳಿದದ್ದು ಹಳೆಯದು, ಗೇರ್‌ಬಾಕ್ಸ್ ಬಿಚ್ಚಿದ್ದಾರಾ ಗೊತ್ತಿಲ್ಲ" ಅಂತ ಬರೆಯಿರಿ. ರೇಟಿಗೆ ಯಾರೋ ಕೇಳುತ್ತಿರುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ, ಅದೂ ಮುಟ್ಟದ ಕಾರುಗಳದ್ದು. ಹರಾಜಿಗೆ ಕೊಟ್ಟರೆ ಕಮಿಷನ್ ಎಷ್ಟು, ಇಷ್ಟಕ್ಕಿಂತ ಕೆಳಗೆ ಬಿಡೆವು ಅನ್ನುವ ಕನಿಷ್ಠ ಬೆಲೆ ಇಡಬಹುದಾ, ಎರಡನ್ನೂ ಬರಹದಲ್ಲಿ ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ ಅದೇ ಮಾಡೆಲ್ಲಿನ ಕ್ಲಬ್ಬಿನವರಿಗೆ ಮೊದಲು ಹೇಳಿ, ಬ್ರೋಕರ್ ಕೊನೆಗೆ.

7. ತೋರಿಸುವುದು, ಕೊಡುವುದು. ಅವರು ಬರುವ ಮೊದಲೇ ಇಂಜಿನ್ ಬಿಸಿ ಮಾಡಿಡಬೇಡಿ, ತಣ್ಣಗಿರುವಾಗ ಸ್ಟಾರ್ಟ್ ಆಗುವುದನ್ನೇ ಅವರು ನೋಡಬೇಕು. ಬಂದವರು ಕಾರಿನ ಕೆಳಗೆ ಮಲಗಿ ನೋಡಿದರೆ ಬೇಜಾರಾಗಬೇಡಿ, ಅವರೇ ನಿಜವಾದ ಗಿರಾಕಿ. ಹೇಳಿದ ಬೆಲೆಗಿಂತ ಜಾಸ್ತಿ ಕಳಿಸಿ "ಉಳಿದದ್ದು ವಾಪಸ್ ಹಾಕಿ" ಅನ್ನುವವರು ಮೋಸಗಾರರು, ಮಾತು ಅಲ್ಲಿಗೇ ಮುಗಿಸಿ. ದುಡ್ಡು ಪೂರ್ತಿ ಬಂದಿದೆ ಅಂತ ನಿಮ್ಮ ಬ್ಯಾಂಕೇ ಹೇಳಬೇಕು, ಅವರ ಮೊಬೈಲಿನ ಸ್ಕ್ರೀನ್‌ಶಾಟ್ ಅಲ್ಲ. ಮಾರಾಟ ಪತ್ರದಲ್ಲಿ ಶಾಸಿ ನಂಬರ್, ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಕಾರು ಅವರ ಹೆಸರಿಗೆ ವರ್ಗವಾಗುವವರೆಗೆ ಅದರ ಪ್ರತಿ ನಿಮ್ಮ ಹತ್ತಿರ ಇರಲಿ.